ಹವಾನಾ ನಗರದ ಎರಡು ಚಿತ್ರಚರಿತ್ರೆಗಳು

೧. ಪೀಠಿಕೆ

ದೇಶವನ್ನು ಸುತ್ತಬೇಕು, ಕೋಶವನ್ನು ಓದಬೇಕು ಎಂಬುದು ನಮ್ಮಲ್ಲಿ ರೂಢಿಯಾದ ಮಾತು. ಕೋಶವನ್ನೋದುವುದರಲ್ಲಿಯೇ ಬಾಳಿನ ಬಹುಭಾಗವನ್ನು ಕಳೆದ ನನ್ನಂಥವನಿಗೆ ದೇಶವನ್ನು ಸುತ್ತುವ ಯೋಗವು ತಡವಾಗಿ ಒದಗಿತು. ಬಂಧುಗಳೊಬ್ಬರ ಒತ್ತಾಯಕ್ಕೆ ಕಟ್ಟುಬಿದ್ದು, ಒಂದು ಕಾರ್ತಿಕಮಾಸದ ರಜೆಯಲ್ಲಿ, ಕೆರಿಬಿಯನ್ ದ್ವೀಪಗಳಲ್ಲೆಲ್ಲ ದೊಡ್ಡದಾದ ಕ್ಯೂಬಾದ ರಾಜಧಾನಿಯಾದ ಹವಾನಾ ನಗರದಲ್ಲಿ ಹನ್ನೆರಡು ದಿನಗಳನ್ನು ಕಳೆದೆನು. ಹೊರಟದ್ದು ವಿಶ್ರಾಂತಿಗಾಗಿ, ಸಂಶೋಧನೆಯ ಉದ್ದೇಶವು ಲೇಶವೂ ಇರಲಿಲ್ಲ. ಆದರೆ ಶಾಸನಗಳನ್ನೂ ಸ್ಥಳಪುರಾಣಗಳನ್ನೂ ಎದುರುಬದುರಾಗಿ ಇಟ್ಟು ನೋಡುವ ಅಭ್ಯಾಸವು ಒಮ್ಮೆ ಮೈಗೂಡಿದರೆ ಅದು ರಜೆಯಲ್ಲಿಯೂ ಬಿಡತಕ್ಕುದಲ್ಲ.

ಹವಾನಾ ನಗರಕ್ಕೂ ಒಂದು ಸ್ಥಳಪುರಾಣವುಂಟು. ಅದಕ್ಕೆ ಒಂದು ವೃಕ್ಷವೂ, ಒಂದು ಗುಡಿಯೂ, ಗುಡಿಯೊಳಗೆ ಚಿತ್ರಗಳೂ ಇರುತ್ತವೆ. ಆ ಚಿತ್ರಗಳನ್ನು ಯಾತ್ರಿಕರೆಲ್ಲರೂ ನೋಡುವರು. ಇವುಗಳಿಗಿಂತ ಹದಿನಾರು ವರ್ಷ ಹಿಂದೆಯೇ, ಅದೇ ನಗರದಲ್ಲಿ, ಬೇರೊಬ್ಬನು ಬೇರೊಂದು ಚಿತ್ರಚರಿತ್ರೆಯನ್ನು ಮಾಡಿ ಇಟ್ಟಿದ್ದನು. ಅದನ್ನು ಈಗ ಯಾರೂ ನೋಡಲಾರರು, ಅದು ನಷ್ಟವಾಗಿದೆ. ಉಳಿದದ್ದು ಏಕೆ ಉಳಿಯಿತು, ಅಳಿದದ್ದು ಏಕೆ ಅಳಿಯಿತು, ಮತ್ತು ಅಳಿದದ್ದನ್ನು ಎಷ್ಟರಮಟ್ಟಿಗೆ ತಿಳಿಯಬಹುದು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨. ಸ್ಥಾನ ಮತ್ತು ನಾಮ

ನಗರವು ದ್ವೀಪದ ಉತ್ತರ ತೀರದಲ್ಲಿದೆ. ಇಲ್ಲಿಯ ಕೊಲ್ಲಿಯು ಸಂಚಿಯ ಆಕಾರದ್ದು: ಬಾಯಿ ಕಿರಿದು, ಒಡಲು ಹಿರಿದು. ಬಿರುಗಾಳಿಯು ಹೊರಗೆ ಎಷ್ಟೇ ಆರ್ಭಟಿಸಿದರೂ ಒಳಗೆ ಹಡಗುಗಳು ನಿಶ್ಚಿಂತವಾಗಿ ನಿಲ್ಲಬಹುದು. ಊರಿನ ಭಾಗ್ಯವೂ ದೌರ್ಭಾಗ್ಯವೂ ಈ ಒಂದು ಗುಣದಿಂದಲೇ ಹುಟ್ಟಿದುವೆಂದು ಹೇಳಬಹುದು.

ಕೊಲಂಬಸನು ೧೪೯೨ರಲ್ಲಿ ಕ್ಯೂಬಾವನ್ನು ಕಂಡಾಗ ತಾನು ಏಷ್ಯಾಖಂಡದ ಅಂಚಿಗೆ ಬಂದೆನೆಂದು ನಂಬಿದನು. ೧೪೯೪ರ ಜೂನ್ ತಿಂಗಳಿನಲ್ಲಿ ತನ್ನ ನಾವಿಕರಿಂದ ಇದು ದ್ವೀಪವಲ್ಲ, ಭೂಖಂಡವೇ ಎಂದು ಆಣೆಯಿಡಿಸಿ, ಮಾತು ತಪ್ಪಿದವರಿಗೆ ದಂಡವನ್ನೂ ಜಿಹ್ವಾಚ್ಛೇದವನ್ನೂ ವಿಧಿಸಿದನು. ನಮ್ಮ ಭಾಷೆಯಲ್ಲಿ ‘ಪ್ರಮಾಣ’ವೆಂಬ ಶಬ್ದಕ್ಕೆ ಆಣೆಯೆಂಬ ಅರ್ಥವೂ ಉಂಟು, ಜ್ಞಾನಸಾಧನವೆಂಬ ಅರ್ಥವೂ ಉಂಟು. ಪ್ರಮಾಣಮಾಡಿಸುವುದು ಬೇರೆ, ಪ್ರಮಾಣವನ್ನು ಕೊಡುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವನ್ನು ನಾನು ಕಂಡಿಲ್ಲ. ೧೫೦೮ರಲ್ಲಿ ಹೊರಟ ಸೆಬಾಸ್ತಿಯಾನ್ ದೆ ಒಕಾಂಪೊ ಎಂಬವನು ಕ್ಯೂಬಾವನ್ನು ಸುತ್ತಿ ಬಂದು ಅದು ದ್ವೀಪವೆಂದು ತೋರಿಸಿದನು. ಆ ಪ್ರಯಾಣದಲ್ಲಿಯೇ ಅವನು ಈ ಕೊಲ್ಲಿಯೊಳಕ್ಕೆ ಬಂದು ತನ್ನ ಹಡಗುಗಳ ತಳಕ್ಕೆ ಕೀಲು ಬಳಿಸಿದುದರಿಂದ, ಇದಕ್ಕೆ ‘ಹಡಗು ರಿಪೇರಿಯ ಬಂದರು’ ಎಂಬ ಅರ್ಥದ ಹೆಸರು ಮೊದಲು ಬಂದಿತು.

‘ಹವಾನಾ’ ಎಂಬ ಹೆಸರು ಅಲ್ಲಿಯ ಮೂಲನಿವಾಸಿಗಳಾದ ತಾಯಿನೋ ಜನರ ಹಬಾಗ್ವಾನೆಕ್ಸ್ ಎಂಬ ನಾಯಕನ ಹೆಸರಿನಿಂದ ಬಂದಿತೆಂಬುದು ವಿದ್ವಾಂಸರಲ್ಲಿ ಹೆಚ್ಚಾಗಿ ಒಪ್ಪಿತವಾದ ಊಹೆ. ಆ ಜನರನ್ನು ಸ್ಪೇನಿನವರು ‘ಇಂದಿಯೊ’ ಎಂದು ಕರೆದರು. ನಮ್ಮ ‘ಸಿಂಧು’ ಶಬ್ದವು ಪಾರಸಿಯಲ್ಲಿ ‘ಹಿಂದು’ವಾಗಿ, ಗ್ರೀಕಿನಲ್ಲಿ ಹಕಾರವನ್ನು ಕಳೆದುಕೊಂಡು ‘ಇಂಡೊಸ್’ ಆಗಿ, ಒಂದು ನದಿಯ ಹೆಸರು ಒಂದು ದೇಶಕ್ಕೆ ಬಂದದ್ದು ಸರ್ವವಿದಿತ. ಆ ದೇಶವನ್ನು ಹುಡುಕಿ ಹೊರಟವನ ಭ್ರಾಂತಿಯಿಂದ, ಸಿಂಧುನದಿಯನ್ನು ಕನಸಿನಲ್ಲಿಯೂ ಕಾಣದ ಜನರಿಗೆ ಅದು ಅಂಟಿಕೊಂಡಿತು. ಹೆಸರು ಉಳಿಯಿತು. ಹೊಸ ರೋಗಗಳಿಂದಲೂ, ಬಲವಂತದ ದುಡಿಮೆಯಿಂದಲೂ, ಖಡ್ಗದಿಂದಲೂ ಆ ಜನರಲ್ಲಿ ಹೆಚ್ಚಿನವರು ಕೆಲವೇ ದಶಕಗಳಲ್ಲಿ ನಾಶವಾದರು.

೩. ಬೂರುಗದ ಮರದ ಐತಿಹ್ಯ

ಸ್ಥಳಪುರಾಣವು ಹೀಗಿದೆ. ದಿಯೇಗೊ ವೆಲಾಸ್ಕೆಸನ ಆಡಳಿತದಲ್ಲಿ ಊರು ಮೊದಲು ದ್ವೀಪದ ದಕ್ಷಿಣ ತೀರದಲ್ಲಿ ಸ್ಥಾಪಿತವಾಯಿತು. ಆ ಸ್ಥಳವು ಅನುಕೂಲವಾಗದೆ ಉತ್ತರ ತೀರಕ್ಕೆ ಬಂದು, ಕೊನೆಗೆ ೧೫೧೯ರ ನವೆಂಬರ್ ೧೬ರಂದು ಈಗಿನ ಕೊಲ್ಲಿಯ ದಡದಲ್ಲಿ ನೆಲೆನಿಂತಿತು. ಆ ದಿನ ಒಂದು ಸೇಯ್ಬಾ ಮರದ ನೆರಳಿನಲ್ಲಿ ಮೊದಲ ಪೂಜೆಯೂ ಮೊದಲ ಪುರಸಭೆಯೂ ನಡೆದುವು. ಸೇಯ್ಬಾ ಎಂದರೆ ನಮ್ಮಲ್ಲಿ ಬಿಳಿಯ ಬೂರುಗವೆಂದು ಕರೆಯುವ ಮರವೇ. ಇದರ ಜ್ಞಾಪಕಾರ್ಥವಾಗಿ ೧೭೫೪ರಲ್ಲಿ ಅಧಿಕಾರಿಯಾದ ಕಹಿಗಾಲ್ ಎಂಬವನು ಅಲ್ಲಿ ಒಂದು ಕಂಬವನ್ನು ನಿಲ್ಲಿಸಿದನು. ೧೮೨೮ರಲ್ಲಿ ಅದರ ಪಕ್ಕದಲ್ಲಿ ಗ್ರೀಕರ ದೇವಾಲಯದ ರೀತಿಯಲ್ಲಿ ಒಂದು ಸಣ್ಣ ಗುಡಿಯನ್ನು ಕಟ್ಟಿದರು. ಇದಕ್ಕೆ ‘ಎಲ್ ತೆಂಪ್ಲೇತೆ’ ಎಂದು ಹೆಸರು.

ಪ್ರತಿವರ್ಷವೂ ನವೆಂಬರ್ ೧೫ರ ರಾತ್ರಿಯಿಂದ ನಗರದ ಜನರು ಸಾಲಾಗಿ ನಿಂತು, ಮೌನದಿಂದ ಈ ಮರಕ್ಕೆ ಮೂರು ಸುತ್ತು ಬಂದು, ಮನಸ್ಸಿನಲ್ಲಿ ಬಯಕೆಯೊಂದನ್ನು ನೆನೆದು ಹೋಗುತ್ತಾರೆ. ಬುಡದಲ್ಲಿ ನಾಣ್ಯವನ್ನು ಹಾಕುವುದೂ ಉಂಟು. ನಾನೂ ಆ ಸಾಲಿನಲ್ಲಿ ನಿಂತು ಮೂರು ಸುತ್ತು ಬಂದೆನು. ಮುಂದೆ ಒಬ್ಬ ಮುದುಕಿಯೂ ಹಿಂದೆ ಶಾಲೆಯ ಹುಡುಗರೂ ಇದ್ದರು. ಅಶ್ವತ್ಥದ ಕಟ್ಟೆಗೆ ಪ್ರದಕ್ಷಿಣೆ ಬಂದು ಬೆಳೆದವನಿಗೆ ಇಲ್ಲಿ ಪರದೇಶದ ಭಾವನೆಯೇ ಬರಲಿಲ್ಲವೆಂದು ಹೇಳಿದರೆ ಸುಳ್ಳಾಗಲಾರದು.

ಆದರೆ ಇಂಥ ಸ್ಥಳಗಳಲ್ಲಿಯೇ ಸಂಶೋಧಕನು ಎಚ್ಚರದಿಂದಿರಬೇಕು. ಬೂರುಗಕ್ಕೆ ಸಂಸ್ಕೃತದಲ್ಲಿ ಶಾಲ್ಮಲಿಯೆಂದು ಹೆಸರು. ನಮ್ಮ ಪುರಾಣಗಳ ಸಪ್ತದ್ವೀಪಗಳಲ್ಲಿ ಶಾಲ್ಮಲೀದ್ವೀಪವೂ ಒಂದು. ಹಾಗಾದರೆ ಬೂರುಗದ ಮರವನ್ನು ಪ್ರದಕ್ಷಿಣಿಸುವ ಈ ದ್ವೀಪವೇ ಶಾಲ್ಮಲೀದ್ವೀಪವಲ್ಲವೆ ಎಂದು ಕೇಳುವ ಉತ್ಸಾಹಿಗಳು ನಮ್ಮಲ್ಲಿ ಇಲ್ಲದೆ ಇಲ್ಲ. ಇದು ಕಾಕತಾಳೀಯವೇ ಹೊರತು ಬೇರೆಯಲ್ಲ. ಪುರಾಣದ ದ್ವೀಪವು ಇಕ್ಷುರಸ, ಸುರೆ ಮೊದಲಾದ ಸಮುದ್ರಗಳ ನಡುವೆ ಉಂಗುರದಂತೆ ಕಲ್ಪಿತವಾದದ್ದು. ಕ್ಯೂಬಾದ ಮರವಾದರೋ ಆ ನೆಲದಲ್ಲಿಯೇ ತಾನಾಗಿ ಬೆಳೆಯುವಂಥದು. ತಾಯಿನೋ ಜನರಿಗೂ, ಆಮೇಲೆ ಆಫ್ರಿಕದಿಂದ ತರಲ್ಪಟ್ಟವರ ಸಂತತಿಗೂ ಪೂಜ್ಯವಾದದ್ದು. ಮರಕ್ಕೆ ಸುತ್ತು ಬರುವ ಭಕ್ತಿಯು ಮನುಷ್ಯಮಾತ್ರರಲ್ಲಿ ಅಲ್ಲಲ್ಲಿ ಸ್ವತಂತ್ರವಾಗಿ ಹುಟ್ಟಬಲ್ಲುದು. ಸಾದೃಶ್ಯವು ಸಂಬಂಧಕ್ಕೆ ಸಾಧಕವಲ್ಲ.

ಇನ್ನು ಐತಿಹ್ಯದ ಪ್ರಾಮಾಣ್ಯವೆಷ್ಟು? ಪುರಸಭೆಯ ನಡವಳಿಗಳ ಪುಸ್ತಕಗಳಲ್ಲಿ ಈಗ ದೊರೆಯುವುವು ೧೫೫೦ರಿಂದ ಮೊದಲಾಗುತ್ತವೆ. ೧೫೧೯ರ ಮೊದಲ ಸಭೆಯ ಬರೆಹವು ಅವುಗಳಲ್ಲಿಲ್ಲ. ಮರದ ಕಥೆಯನ್ನು ಕಲ್ಲಿನಲ್ಲಿ ಬರೆದು ನಿಲ್ಲಿಸಿದ ೧೭೫೪ಕ್ಕೂ, ಕಥೆಯ ಕಾಲಕ್ಕೂ ೨೩೫ ವರ್ಷಗಳ ಅಂತರವಿದೆ. ಮರವೂ ಮೂಲದ್ದಲ್ಲ, ಒಂದು ಸತ್ತಂತೆಲ್ಲ ಮತ್ತೊಂದನ್ನು ನೆಟ್ಟುಕೊಂಡು ಬಂದಿದ್ದಾರೆ. ಇದರಿಂದ ಐತಿಹ್ಯವು ಸುಳ್ಳೆಂದು ಸಿದ್ಧವಾಗುವುದಿಲ್ಲ. ಆದರೆ ಅದು ೧೫೧೯ಕ್ಕೆ ಸಾಕ್ಷಿಯೆನ್ನುವುದಕ್ಕಿಂತ ೧೭೫೪ ಮತ್ತು ೧೮೨೮ಕ್ಕೆ ಸಾಕ್ಷಿಯೆನ್ನುವುದು ಮೇಲು.

೪. ಕೋಟೆಗಳೂ ನೀರಿನ ಶಾಸನವೂ

ಐತಿಹ್ಯವನ್ನು ಬಿಟ್ಟು ಕಲ್ಲುಗಳ ಕಡೆಗೆ ತಿರುಗಿದರೆ ಚರಿತ್ರೆಯು ನಿಚ್ಚಳವಾಗುತ್ತದೆ. ೧೫೫೫ರಲ್ಲಿ ಝಾಕ್ ದ ಸೋರ್ ಎಂಬ ಫ್ರೆಂಚ್ ಕಡಲುಗಳ್ಳನು ಊರನ್ನು ಸೂರೆಮಾಡಿ ಸುಟ್ಟನು. ಇದಾದ ಬಳಿಕ ೧೫೫೮ರಿಂದ ೧೫೭೭ರ ವರೆಗೆ ‘ರಾಜಬಲದ ಕೋಟೆ’ಯನ್ನು ಕಟ್ಟಿದರು. ಮೆಕ್ಸಿಕೊ ಪೆರು ದೇಶಗಳ ಬೆಳ್ಳಿಬಂಗಾರಗಳನ್ನು ಹೊತ್ತ ಹಡಗುಗಳು ಒಂಟಿಯಾಗಿ ಹೋಗದೆ ಗುಂಪುಗೂಡಿ ಸ್ಪೇನಿಗೆ ಹೋಗತಕ್ಕದ್ದೆಂದು ಎರಡನೆಯ ಫಿಲಿಪ್ ದೊರೆಯು ೧೫೬೧ರಲ್ಲಿ ವಿಧಿಸಲು, ಅವು ಕೂಡುವ ಠಾವು ಹವಾನಾ ಆಯಿತು. ಹಡಗುಗಳು ಕಾದುನಿಲ್ಲುವ ತಿಂಗಳುಗಳಲ್ಲಿ ನಾವಿಕರು, ವ್ಯಾಪಾರಿಗಳು, ಸೈನಿಕರು, ಗಾಯಕರು ಊರನ್ನು ತುಂಬುತ್ತಿದ್ದರು. ಇಂದಿಗೂ ಆ ನಗರಕ್ಕೆ ಇರುವ ಗಲಗಲ ಸ್ವಭಾವವು ಆಗಲೇ ಬಂದಿತೆಂದು ತೋರುತ್ತದೆ.

ಕೊಲ್ಲಿಯ ಬಾಯಿಯ ಎರಡು ದಡಗಳಲ್ಲಿ ಮೊರ್ರೊ ಮತ್ತು ಪುಂತಾ ಎಂಬ ಕೋಟೆಗಳನ್ನು ಬಾತಿಸ್ತಾ ಆಂತೊನೆಲ್ಲಿ ಎಂಬ ಇಟಲಿಯ ಶಿಲ್ಪಿಯು ೧೫೮೯ರಲ್ಲಿ ಮೊದಲುಮಾಡಿದನು. ೧೫೯೨ರಲ್ಲಿ ಊರಿಗೆ ‘ನಗರ’ವೆಂಬ ಪದವಿಯೂ, ೧೬೩೪ರ ರಾಜಪತ್ರದಿಂದ ‘ಹೊಸಪ್ರಪಂಚದ ಬೀಗದ ಕೈ, ಪಶ್ಚಿಮ ಇಂಡೀಸಿನ ಹೊರಗೋಡೆ’ ಎಂಬ ಬಿರುದೂ ಬಂದುವು. ನಗರದ ಲಾಂಛನದಲ್ಲಿ ಮೂರು ಕೋಟೆಗಳೂ ಒಂದು ಬೀಗದ ಕೈಯೂ ಇರುವುದು ಇದರಿಂದಲೇ.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಕೋಟೆಗಳಲ್ಲ. ಪ್ರಧಾನ ಇಗರ್ಜಿಯ ಚೌಕದ ಮೂಲೆಯಲ್ಲಿ, ಒಂದು ಕಿರುಗಲ್ಲಿಯ ಗೋಡೆಯಲ್ಲಿ, ಚಿಕ್ಕದೊಂದು ಕಲ್ಬರೆಹವಿದೆ. ೧೫೯೨ರಲ್ಲಿ ಹ್ವಾನ್ ದೆ ತೆಹೇದಾ ಎಂಬ ಅಧಿಕಾರಿಯು ಈ ನೀರನ್ನು ತಂದನೆಂಬುದು ಅದರ ತಾತ್ಪರ್ಯ. ಅಲ್ಮೆಂದಾರೆಸ್ ನದಿಯಿಂದ ಊರಿಗೆ ತೋಡಿದ ‘ರಾಜಕಾಲುವೆ’ಯು ಅಲ್ಲಿಗೆ ಬಂದು ಮುಗಿಯುತ್ತಿದ್ದಿತು. ಕೆರೆ ಕಾಲುವೆಗಳ ಶಾಸನಗಳನ್ನು ಓದಿ ಬಲ್ಲವರು ಈ ಬರೆಹವನ್ನು ಕೂಡಲೆ ಗುರುತಿಸುವರು: ಹೆಸರು, ಪದವಿ, ವರ್ಷ, ನೀರು, ಇಷ್ಟೇ. ಅಲಂಕಾರವಿಲ್ಲದ ಇಂಥ ಒಂದು ಸಾಲು ಸಾವಿರ ಕಥೆಗಳಿಗಿಂತ ಗಟ್ಟಿಯಾದ ಸಾಕ್ಷಿ.

ಕಥೆಯ ಸ್ವಭಾವಕ್ಕೆ ಇನ್ನೊಂದು ಉದಾಹರಣೆಯನ್ನು ಕೊಡುವೆನು. ರಾಜಬಲದ ಕೋಟೆಯ ಗೋಪುರದ ಮೇಲೆ ಗಾಳಿಯ ದಿಕ್ಕನ್ನು ತೋರಿಸುವ ಕಂಚಿನ ಸ್ತ್ರೀವಿಗ್ರಹವೊಂದಿದೆ. ಫ್ಲಾರಿಡಾಕ್ಕೆ ೧೫೩೯ರಲ್ಲಿ ಹೊರಟು ೧೫೪೨ರಲ್ಲಿ ಸತ್ತ ಹೆರ್ನಾಂದೊ ದೆ ಸೋತೊವಿನ ಹೆಂಡತಿಯಾದ ಇಸಬೆಲ್, ಪತಿಯ ದಾರಿಯನ್ನು ಕಾಯುತ್ತ ನಿಂತ ರೂಪವೇ ಇದೆಂದು ಜನರು ಹೇಳುವರು. ವಿಗ್ರಹವನ್ನು ಹ್ವಾನ್ ಬಿತ್ರಿಯಾನನ ಆಡಳಿತದಲ್ಲಿ, ೧೬೩೦ರ ದಶಕದಲ್ಲಿ, ಹೆರೋನಿಮೊ ಮಾರ್ತಿನ್ ಪಿನ್ಸೋನ್ ಎಂಬ ಕುಶಲಿಯು ಎರಕಹೊಯ್ದನು. ಇಸಬೆಲಳು ಕಾದ ಕೋಟೆಯಾದರೋ ಇದಲ್ಲ. ಇದಿನ್ನೂ ಆಗ ಹುಟ್ಟಿರಲೇ ಇಲ್ಲ. ಆದರೂ ಕಥೆಯು ಕರುಣೆಯಿಂದ ಹುಟ್ಟಿದ್ದು, ಯಾರಿಗೂ ಹಾನಿಮಾಡುವುದಲ್ಲ. ಎಲ್ಲ ಕಥೆಗಳೂ ಹೀಗೆ ನಿರಪರಾಧಿಗಳಲ್ಲ.

೫. ಮುತ್ತಿಗೆ

೧೭೬೨ರ ಜೂನ್ ತಿಂಗಳಿನಲ್ಲಿ ಆಲ್ಬೆಮಾರ್ಲ್ ಪ್ರಭುವಿನ ದಂಡೂ, ಜಾರ್ಜ್ ಪೊಕಾಕ್ ಎಂಬ ನೌಕಾಪತಿಯ ಹಡಗುಗಳೂ ಹವಾನಾವನ್ನು ಮುತ್ತಿದುವು. ಈ ಪೊಕಾಕನು ನಮಗೆ ಅಪರಿಚಿತನಲ್ಲ. ೧೭೫೮ ಮತ್ತು ೧೭೫೯ರಲ್ಲಿ ಚೋಳಮಂಡಲದ ಕರಾವಳಿಯಲ್ಲಿ ಫ್ರೆಂಚರ ನೌಕಾಪತಿಯಾದ ಡಾಶೆಯೊಡನೆ ಮೂರು ಸಲ ಕಾದಾಡಿದವನು ಇವನೇ. ಪುದುಚೇರಿಯ ಫ್ರೆಂಚರಿಗೆ ನೆರವಾಗಿ ೧೭೬೦ರಲ್ಲಿ ಹೈದರನು ಮೈಸೂರಿನಿಂದ ದಂಡನ್ನು ಕಳುಹಿಸಿದುದೂ ಇದೇ ಯುದ್ಧದಲ್ಲಿ. ಹವಾನಾ ಬಿದ್ದ ವರ್ಷವೇ ಚೆನ್ನಪಟ್ಟಣದಿಂದ ಹೊರಟ ಇನ್ನೊಂದು ಇಂಗ್ಲಿಷ್ ಸೇನೆಯು ಅಕ್ಟೋಬರಿನಲ್ಲಿ ಸ್ಪೇನಿನ ಮನಿಲಾವನ್ನು ಹಿಡಿಯಿತು. ಕಾವೇರಿಯ ಮುಖಕ್ಕೂ ಹವಾನಾದ ಕೊಲ್ಲಿಗೂ ಒಂದೇ ಯುದ್ಧದ ಅಲೆಗಳು ಬಡಿದುವೆಂಬುದು ಗಮನಿಸತಕ್ಕ ವಿಷಯ.

ಸ್ಪೇನಿನವರು ಮೂರು ಹಡಗುಗಳನ್ನು ಮುಳುಗಿಸಿ ಕೊಲ್ಲಿಯ ಬಾಯನ್ನು ಮುಚ್ಚಿದರು. ಆದರೆ ಮೊರ್ರೊ ಕೋಟೆಯ ಹಿಂದಿನ ಕಬಾನ್ಯಾ ದಿಣ್ಣೆಯು ಬರಿದಾಗಿತ್ತು. ಶತ್ರುಗಳು ಅದನ್ನೇರಿ ಕೋಟೆಯ ಮೇಲೆ ಗುಂಡಿನ ಮಳೆಗರೆದರು. ಜುಲೈ ೩೦ರಂದು ಮೊರ್ರೊ ಬಿದ್ದಿತು. ಅದನ್ನು ಕಾಯ್ದ ಲೂಯಿಸ್ ದೆ ವೆಲಾಸ್ಕೊ ಗಾಯದಿಂದ ಮಡಿದನು. ಆಗಸ್ಟಿನಲ್ಲಿ ನಗರವು ಶರಣಾಯಿತು. ಗೆದ್ದವರಲ್ಲಿ ಗುಂಡಿಗಿಂತ ಜ್ವರಕ್ಕೆ ಬಲಿಯಾದವರೇ ಹೆಚ್ಚು. ಮರುವರ್ಷದ ಪ್ಯಾರಿಸ್ ಕೌಲಿನಿಂದ ಫ್ಲಾರಿಡಾವನ್ನು ಕೊಟ್ಟು ಸ್ಪೇನ್ ಹವಾನಾವನ್ನು ಮರಳಿ ಪಡೆಯಿತು, ಮತ್ತು ೧೭೬೩ರಿಂದ ೧೭೭೪ರ ವರೆಗೆ ಕಬಾನ್ಯಾ ದಿಣ್ಣೆಯ ಮೇಲೆ ದೊಡ್ಡ ಕೋಟೆಯನ್ನು ಕಟ್ಟಿತು. ಊರಬಾಗಿಲುಗಳನ್ನು ಮುಚ್ಚುವ ಹೊತ್ತನ್ನು ಸಾರಲು ಹಿಂದೆ ಹಾರಿಸುತ್ತಿದ್ದ ಫಿರಂಗಿಯನ್ನು, ಬಾಗಿಲುಗಳೂ ಗೋಡೆಗಳೂ ಹೋದ ಮೇಲೂ, ರಾತ್ರಿ ಒಂಬತ್ತಕ್ಕೆ ಅಲ್ಲಿಂದ ಹಾರಿಸುವ ಪದ್ಧತಿಯುಂಟು. ಕಡಲಕಟ್ಟೆಯ ಮೇಲೆ ಕುಳಿತು ಹಾಡುತ್ತಲೂ ಹರಟುತ್ತಲೂ ಇರುವ ಜನರು ಆ ಸದ್ದಿಗೆ ತಲೆಯೆತ್ತಿಯೂ ನೋಡರು. ಗಡಿಯಾರವಿದ್ದವರು ಮಾತ್ರ ಅದನ್ನು ಸರಿಮಾಡಿಕೊಳ್ಳುವರು.

ಈ ಮುತ್ತಿಗೆಯಲ್ಲಿ ನಗರವನ್ನು ಕಾಯ್ದವರಲ್ಲಿ ಕರಿಯರ ಪಡೆಗಳೂ ಇದ್ದುವು. ಅವುಗಳ ನಾಯಕರಲ್ಲಿ ಹ್ವಾಕಿನ್ ಆಪೊಂತೆ ಎಂಬವನೊಬ್ಬನು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

೬. ಶರ್ಕರಾಶಬ್ದದ ಪ್ರಯಾಣ

ಮೇಲೆ ಶಾಲ್ಮಲೀದ್ವೀಪದ ಸಂಬಂಧವನ್ನು ತಿರಸ್ಕರಿಸಿದೆನು. ಆದರೆ ನಮಗೂ ಹವಾನಾಕ್ಕೂ ನಿಜವಾದ ಸಂಬಂಧವೊಂದಿದೆ. ಅದನ್ನು ಹೇಳುವುದು ಅಷ್ಟು ಸಂತೋಷಕರವಲ್ಲ. ಕಬ್ಬಿನ ರಸವನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆಯು ಭರತಖಂಡದಲ್ಲಿ ಬೆಳೆದದ್ದು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಫಾಣಿತದಿಂದ ಶರ್ಕರೆಯ ವರೆಗೆ ಅದರ ಐದು ರೂಪಗಳನ್ನು ಎಣಿಸುತ್ತಾನೆ. ‘ಶರ್ಕರಾ’ ಎಂದರೆ ಮೊದಲು ಮರಳು, ನೊರಜುಗಲ್ಲು. ಹರಳುಗಟ್ಟಿದ ಸಿಹಿಗೆ ಸಾದೃಶ್ಯದಿಂದ ಆ ಹೆಸರು ಬಂದಿತು. ಅದು ಪಾಲಿಯಲ್ಲಿ ‘ಸಕ್ಖರಾ’, ಪಾರಸಿಯಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’ ಆಗಿ, ಅರಬ್ಬಿಯ ಉಪಪದದೊಡನೆ ಸ್ಪೇನಿನ ಭಾಷೆಗೆ ಸೇರಿ ‘ಅಸೂಕರ್’ ಆಯಿತು. ಇಲ್ಲಿ ಪ್ರತಿಯೊಂದು ಮೆಟ್ಟಿಲೂ ಕಾಣುತ್ತದೆ. ಶಬ್ದದೊಡನೆ ಪದಾರ್ಥವೂ ಕೈಯಿಂದ ಕೈಗೆ ಸಾಗಿದುದು ತಿಳಿಯುತ್ತದೆ. ಸಂಬಂಧವೆಂದರೆ ಹೀಗಿರಬೇಕು.

೧೪೯೩ರ ಎರಡನೆಯ ಪ್ರಯಾಣದಲ್ಲಿ ಕೊಲಂಬಸನು ಕಬ್ಬನ್ನು ಕೆನೇರಿ ದ್ವೀಪಗಳಿಂದ ಅಮೆರಿಕಕ್ಕೆ ಒಯ್ದನು. ೧೭೯೧ರಲ್ಲಿ ನೆರೆಯ ಹೈಟಿಯಲ್ಲಿ ದಾಸರು ದಂಗೆಯೆದ್ದು ಸ್ವತಂತ್ರರಾಗತೊಡಗಿದಾಗ ಅಲ್ಲಿಯ ಸಕ್ಕರೆಯ ವ್ಯಾಪಾರವು ಮುರಿದು, ಹವಾನಾದ ಧನಿಕರಿಗೆ ಸುಗ್ಗಿಯಾಯಿತು. ಹತ್ತೊಂಬತ್ತನೆಯ ಶತಮಾನದ ನಡುವೆ ಕ್ಯೂಬಾಕ್ಕೆ ಸಮನಾಗಿ ಕಬ್ಬಿನ ಸಕ್ಕರೆಯನ್ನು ಮಾಡುವ ದೇಶವು ಬೇರೆ ಇರಲಿಲ್ಲ. ಹವಾನಾದಿಂದ ಬೆಹುಕಾಲಿಗೆ ೧೮೩೭ರಲ್ಲಿಯೇ ರೈಲು ಓಡಿತು. ಒಡೆಯನಾದ ಸ್ಪೇನಿನಲ್ಲಿ ಅದು ಬಂದದ್ದು ೧೮೪೮ರಲ್ಲಿ, ನಮ್ಮಲ್ಲಿ ೧೮೫೩ರಲ್ಲಿ. ಅದನ್ನು ಓಡಿಸಿದುದು ಸಕ್ಕರೆಯ ಮೂಟೆಗಳ ಆತುರ.

ಈ ಸಿಹಿಯ ಬೆಲೆಯನ್ನು ತೆತ್ತವರು ಯಾರು? ದಾಸವ್ಯಾಪಾರದ ಕಾಲದಲ್ಲೆಲ್ಲ ಕೂಡಿ ಏಳು ಲಕ್ಷಕ್ಕೂ ಮಿಕ್ಕ ಆಫ್ರಿಕದ ಜನರನ್ನು ಈ ದ್ವೀಪಕ್ಕೆ ತಂದರು. ಆ ವ್ಯಾಪಾರವನ್ನು ನಿಲ್ಲಿಸುವೆನೆಂದು ಸ್ಪೇನ್ ೧೮೧೭ರಲ್ಲಿ ಬ್ರಿಟನ್ನಿಗೆ ಬರೆದುಕೊಟ್ಟಿತು. ಆದರೂ ೧೮೬೦ರ ದಶಕದ ವರೆಗೆ ಹಡಗುಗಳು ಕಳ್ಳತನದಿಂದ ಬರುತ್ತಲೇ ಇದ್ದುವು. ದಾಸ್ಯವು ಪೂರ್ಣವಾಗಿ ರದ್ದಾದದ್ದು ೧೮೮೬ರಲ್ಲಿ. ೧೮೪೭ರಿಂದ ೧೮೭೪ರ ವರೆಗೆ ಸುಮಾರು ೧,೨೫,೦೦೦ ಚೀನೀ ಕೂಲಿಗಳನ್ನೂ ಕರಾರುಪತ್ರಗಳಿಂದ ಕಟ್ಟಿ ತಂದರು. ೧೮೦೦ ಮತ್ತು ೧೮೦೪ರಲ್ಲಿ ಹವಾನಾಕ್ಕೆ ಬಂದಿದ್ದ ಜರ್ಮನ್ ವಿದ್ವಾಂಸನಾದ ಹುಂಬೊಲ್ಟನು ಕ್ಯೂಬಾವನ್ನು ಕುರಿತ ತನ್ನ ಗ್ರಂಥದಲ್ಲಿ ಈ ದಾಸ್ಯವನ್ನು ಕಠಿನವಾಗಿ ಖಂಡಿಸಿದ್ದಾನೆ.

ಸಿಂಧು, ಶರ್ಕರಾ ಎಂಬ ನಮ್ಮ ಎರಡು ಶಬ್ದಗಳು ಹೀಗೆ ಆ ದ್ವೀಪವನ್ನು ಸೇರಿದುವು. ಒಂದು ತಪ್ಪಾಗಿ, ಇನ್ನೊಂದು ಸರಿಯಾಗಿ. ತಪ್ಪಾದ ಶಬ್ದವನ್ನು ಹೊತ್ತವರು ಅಳಿದರು. ಸರಿಯಾದ ಶಬ್ದದ ಪದಾರ್ಥವನ್ನು ಬೆಳೆದವರು ಸಂಕೋಲೆಯಲ್ಲಿ ದುಡಿದರು. ನಮ್ಮ ಶಬ್ದಗಳು ದೇಶಾಂತರಗಳಿಗೆ ಹೋದುದನ್ನು ಕಂಡು ಹಿಗ್ಗುವುದು ನಮ್ಮ ಲೇಖನಗಳಲ್ಲಿ ವಾಡಿಕೆ. ಹೋದಲ್ಲಿ ಅವು ಏನನ್ನು ಕಂಡುವು ಎಂಬುದನ್ನೂ ಕೇಳುವುದು ಧರ್ಮ.

೭. ಉಳಿದ ಚಿತ್ರ, ಅಳಿದ ಪುಸ್ತಕ

ಈಗ ತೆಂಪ್ಲೇತೆಯ ಗುಡಿಗೆ ಮರಳೋಣ. ಅದರೊಳಗೆ ಝಾನ್ ಬಾತಿಸ್ತ್ ವೆರ್ಮೆ ಎಂಬ ಫ್ರೆಂಚ್ ಚಿತ್ರಕಾರನು ಬರೆದ ಮೂರು ದೊಡ್ಡ ಚಿತ್ರಗಳಿವೆ: ಮರದಡಿಯ ಮೊದಲ ಪೂಜೆ, ಮೊದಲ ಪುರಸಭೆ, ಮತ್ತು ೧೮೨೮ರಲ್ಲಿ ಆ ಗುಡಿಯದೇ ಪ್ರತಿಷ್ಠೋತ್ಸವ. ಚಿತ್ರಗಳ ಕಾಲವನ್ನು ಗಮನಿಸಬೇಕು. ೧೮೨೮ರ ಹೊತ್ತಿಗೆ ಅಮೆರಿಕದ ಭೂಖಂಡದಲ್ಲಿ ಸ್ಪೇನಿನ ರಾಜ್ಯವೆಲ್ಲ ಕೈಬಿಟ್ಟುಹೋಗಿತ್ತು. ಕ್ಯೂಬಾ ಮತ್ತು ಪೋರ್ತೊ ರೀಕೊ ದ್ವೀಪಗಳು ಮಾತ್ರ ಉಳಿದಿದ್ದುವು. ಅಂಥ ಕಾಲದಲ್ಲಿ ಸೇನಾಧಿಪತಿಯಾದ ವೀವೆಸನು ಈ ಗುಡಿಯನ್ನು ಕಟ್ಟಿಸಿ, ರಾಣಿಯ ಗೌರವಾರ್ಥವಾಗಿ ಮಾರ್ಚ್ ೧೯ರಂದು ಅದನ್ನು ತೆರೆಯಿಸಿದನು. ನಗರವು ರಾಜಭಕ್ತಿಯಿಂದಲೂ ಧರ್ಮದಿಂದಲೂ ಶಾಂತವಾಗಿ ಹುಟ್ಟಿತು, ಹಾಗೆಯೇ ಇರತಕ್ಕದ್ದು ಎಂಬುದೇ ಆ ಚಿತ್ರಗಳ ಅಭಿಪ್ರಾಯವೆಂದು ಊಹಿಸಿದರೆ ತಪ್ಪಾಗದು.

ಇದಕ್ಕೆ ಹದಿನಾರು ವರ್ಷ ಹಿಂದೆ, ೧೮೧೨ರಲ್ಲಿ, ದ್ವೀಪದ ಹಲವೆಡೆ ದಾಸರೂ ಸ್ವತಂತ್ರರಾದ ಕರಿಯರೂ ದಂಗೆಯೆದ್ದರು. ಅದರ ಮುಖಂಡನೆಂದು ಹವಾನಾದಲ್ಲಿ ಹಿಡಿಯಲ್ಪಟ್ಟವನು ಹೊಸೆ ಆಂತೋನಿಯೊ ಆಪೊಂತೆ; ಸ್ವತಂತ್ರನಾದ ಕರಿಯನು, ಕಸುಬಿನಿಂದ ಬಡಗಿ ಮತ್ತು ಮರದ ಶಿಲ್ಪಿ, ಹಿಂದೆ ಪಡೆಯಲ್ಲಿ ಸೇವೆಮಾಡಿದವನು. ಮೇಲೆ ಹೇಳಿದ ಹ್ವಾಕಿನ್ ಆಪೊಂತೆಯ ಮೊಮ್ಮಗನೇ ಇವನು. ಮನೆಯನ್ನು ಶೋಧಿಸಿದಾಗ ಒಂದು ಚಿತ್ರಪುಸ್ತಕವು ದೊರೆಯಿತು. ತಾನೇ ಬರೆದ ಚಿತ್ರಗಳನ್ನೂ, ಬೇರೆ ಅಚ್ಚಿನ ಹಾಳೆಗಳಿಂದ ಕತ್ತರಿಸಿ ಅಂಟಿಸಿದ ಚಿತ್ರಗಳನ್ನೂ ಕೂಡಿಸಿ ಅವನು ಅದನ್ನು ಮಾಡಿದ್ದನು. ಅಧಿಕಾರಿಗಳು ಅದನ್ನು ಎದುರಿಗಿಟ್ಟುಕೊಂಡು ಪಟಪಟವಾಗಿ ತಿರುಗಿಸುತ್ತ, ಇದೇನು, ಇವರಾರು ಎಂದು ಅವನನ್ನು ಕೇಳಿದರು. ಕೇಳಿದ ಪ್ರಶ್ನೆಗಳನ್ನೂ ಅವನ ಉತ್ತರಗಳನ್ನೂ ಲೇಖಕನು ಬರೆದುಕೊಂಡನು.

ಆ ಉತ್ತರಗಳಿಂದ ಪುಸ್ತಕದ ವಿಷಯವು ತಿಳಿಯಬರುತ್ತದೆ. ಅದರಲ್ಲಿ ಇಥಿಯೋಪಿಯದ ರಾಜರೂ, ಕರಿಯರಾದ ಧರ್ಮಾಧಿಕಾರಿಗಳೂ, ಗ್ರಹಗಳೂ, ಗ್ರೀಕ್ ದೇವತೆಗಳೂ, ಬೈಬಲಿನ ಪ್ರಸಂಗಗಳೂ, ಸ್ಪೇನಿನ ದೊರೆಗಳೂ, ಹವಾನಾದ ಬೀದಿಗಳೂ ಕೋಟೆಗಳೂ ಇದ್ದುವು. ೧೭೬೨ರ ಯುದ್ಧದಲ್ಲಿ ತನ್ನ ಅಜ್ಜನು ಕಾದಿದುದನ್ನೂ ಅವನು ಚಿತ್ರಿಸಿದ್ದನು. ತನ್ನ ರೂಪವನ್ನೂ ಇಟ್ಟಿದ್ದನು. ನಗರದ ಚರಿತ್ರೆಯಲ್ಲಿ ತನ್ನವರ ಸ್ಥಾನವು ಯಾವುದೆಂಬುದನ್ನು ಒಬ್ಬ ಬಡಗಿಯು ಅಖಿಲ ಪ್ರಪಂಚದ ಚರಿತ್ರೆಯೊಳಗೆ ಇಟ್ಟು ತೋರಿಸಿದ ಗ್ರಂಥವಿದು. ೧೮೧೨ರ ಏಪ್ರಿಲ್ ೯ರಂದು ಅವನನ್ನು ಸಂಗಡಿಗರೊಡನೆ ಗಲ್ಲಿಗೇರಿಸಿ, ತಲೆಯನ್ನು ಪಂಜರದಲ್ಲಿಟ್ಟು ಜನರ ಎದುರಿಗೆ ತೂಗಿಸಿದರು. ‘ಆಪೊಂತೆಗಿಂತ ಕೆಟ್ಟವನು’ ಎಂಬ ಗಾದೆಯೇ ದ್ವೀಪದಲ್ಲಿ ಹುಟ್ಟಿತು. ಪುಸ್ತಕವು ಎಲ್ಲಿಯೂ ದೊರೆತಿಲ್ಲ. ವಿಚಾರಣೆಯ ಕಾಗದಗಳು ಮಾತ್ರ ಕ್ಯೂಬಾದ ರಾಷ್ಟ್ರೀಯ ದಫ್ತರಖಾನೆಯಲ್ಲಿ ಉಳಿದಿವೆ.

ಮೂಲಗ್ರಂಥವು ನಷ್ಟವಾಗಿ, ಅದನ್ನು ಖಂಡಿಸಿದ ಪ್ರತಿವಾದಿಯ ಗ್ರಂಥದಲ್ಲಿ ಪೂರ್ವಪಕ್ಷವಾಗಿ ಮಾತ್ರ ಅದರ ಮಾತುಗಳು ಉಳಿದಿರುವುದು ನಮ್ಮ ಶಾಸ್ತ್ರಗಳನ್ನು ಓದಿದವರಿಗೆ ಹೊಸದಲ್ಲ. ಚಾರ್ವಾಕರ ಮತವನ್ನು ನಾವು ತಿಳಿಯುವುದು ಬಹುಮಟ್ಟಿಗೆ ಅವರನ್ನು ಖಂಡಿಸಿದವರ ಬಾಯಿಂದಲೇ. ಆಪೊಂತೆಯ ಪುಸ್ತಕವೂ ಅಂಥದು. ಪ್ರಶ್ನೆ ಕೇಳಿದವರ ಉದ್ದೇಶವು ಅಪರಾಧವನ್ನು ಕಂಡುಹಿಡಿಯುವುದು. ಉತ್ತರ ಕೊಟ್ಟವನಿಗೆ ಪ್ರಾಣವನ್ನು ಉಳಿಸಿಕೊಳ್ಳುವ ಆಸೆ. ಆದಕಾರಣ ಅಲ್ಲಿಯ ಪ್ರತಿಯೊಂದು ಮಾತನ್ನೂ ತೂಗಿ ನೋಡಬೇಕು. ಆದರೂ ತೆಂಪ್ಲೇತೆಯ ಮೂರು ಚಿತ್ರಗಳನ್ನು ಈ ಕಾಗದಗಳ ಪಕ್ಕದಲ್ಲಿಟ್ಟು ಓದಿದಹೊರತು ಹವಾನಾದ ಚರಿತ್ರೆಯನ್ನು ಓದಿದಂತಾಗುವುದಿಲ್ಲವೆಂಬುದು ನನ್ನ ನಿಶ್ಚಯ.

೮. ಉಪಸಂಹಾರ

ಹೀಗೆ ಓದುವ ಅನುಕೂಲವನ್ನು ಆ ನಗರದವರು ತಾವೇ ಮಾಡಿಕೊಟ್ಟಿದ್ದಾರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಹವಾನಾದಲ್ಲಿ ‘ನಗರದ ಇತಿಹಾಸಕಾರ’ನೆಂಬ ಅಧಿಕಾರಿಯೊಬ್ಬನುಂಟು. ಎಮಿಲಿಯೊ ರೊಯಿಗ್ ಎಂಬ ವಿದ್ವಾಂಸನು ೧೯೩೫ರಲ್ಲಿ ಈ ಪದವಿಗೆ ಬಂದು, ೧೯೩೮ರಲ್ಲಿ ಅದಕ್ಕೆ ಒಂದು ಕಚೇರಿಯನ್ನು ಸ್ಥಾಪಿಸಿ, ಪುರಸಭೆಯ ಹಳೆಯ ನಡವಳಿಗಳನ್ನು ಅಚ್ಚುಹಾಕಿಸತೊಡಗಿದನು. ಅವನು ೧೯೬೪ರಲ್ಲಿ ತೀರಿಕೊಂಡ ಬಳಿಕ ಯೂಸೇಬಿಯೊ ಲೆಯಾಲನು ೧೯೬೭ರಿಂದ ಆ ಕೆಲಸವನ್ನು ಹೊತ್ತು, ೨೦೨೦ರ ಜುಲೈ ೩೧ರಂದು ತಾನು ಕಾಲವಾಗುವ ವರೆಗೆ ನಡೆಯಿಸಿದನು. ೧೯೮೨ರಲ್ಲಿ ಹಳೆಯ ನಗರವೂ ಕೋಟೆಗಳೂ ಯುನೆಸ್ಕೊ ಸಂಸ್ಥೆಯ ಪ್ರಪಂಚದ ಆಸ್ತಿಗಳ ಪಟ್ಟಿಗೆ ಸೇರಿದುವು. ೧೯೯೩ರ ಕಾನೂನಿನಿಂದ ಈ ಕಚೇರಿಗೆ ತಾನೇ ವಸತಿಗೃಹಗಳನ್ನು ನಡೆಯಿಸಿ, ಯಾತ್ರಿಕರಿಂದ ಬಂದ ಹಣವನ್ನು ಜೀರ್ಣೋದ್ಧಾರಕ್ಕೆ ಬಳಸುವ ಅಧಿಕಾರವು ದೊರೆಯಿತು. ಚೌಕಗಳು ಒಂದೊಂದಾಗಿ ಎದ್ದುನಿಂತುವು.

ಕೆಲಸವು ಮುಗಿದಿದೆಯೆಂದು ಮಾತ್ರ ತಿಳಿಯಬಾರದು. ಚೌಕದಿಂದ ಎರಡು ಬೀದಿ ಆಚೆಗೆ ಹೋದರೆ, ಉಪ್ಪುಗಾಳಿಗೂ ದಾರಿದ್ರ್ಯಕ್ಕೂ ಸಿಕ್ಕಿ ಕುಸಿಯುತ್ತಿರುವ ಮನೆಗಳನ್ನು ಮರದ ಕಂಬಗಳು ತಡೆದು ನಿಲ್ಲಿಸಿವೆ. ಒಳಗೆ ಸಂಸಾರಗಳು ನಡೆಯುತ್ತಿವೆ. ೨೦೨೪ರ ಅಕ್ಟೋಬರಿನಲ್ಲಿ ವಿದ್ಯುತ್ತಿನ ಜಾಲವೇ ನಿಂತು ದ್ವೀಪವೆಲ್ಲ ಕತ್ತಲಲ್ಲಿ ಮುಳುಗಿದುದೂ ಉಂಟು. ಒಂದು ಕಾಲಕ್ಕೆ ವರ್ಷಕ್ಕೆ ಎಂಬತ್ತು ಲಕ್ಷ ಟನ್ನುಗಳ ವರೆಗೆ ಸಕ್ಕರೆಯನ್ನು ಮಾಡಿದ ನಾಡಿನಲ್ಲಿ ೨೦೨೨–೨೩ರ ಉತ್ಪತ್ತಿಯು ಸುಮಾರು ಮೂರೂವರೆ ಲಕ್ಷ ಟನ್ನು ಮಾತ್ರ. ಶರ್ಕರೆಯು ಕಟ್ಟಿದ ಅರಮನೆಗಳು ನಿಂತಿವೆ, ಶರ್ಕರೆಯೇ ಹೊರಟುಹೋಗುತ್ತಿದೆ.

ಹೊರಡುವ ಹಿಂದಿನ ಸಂಜೆ ಕಡಲಕಟ್ಟೆಯ ಮೇಲೆ ಕುಳಿತಿದ್ದೆನು. ಹತ್ತಿರದಲ್ಲಿ ಕೆಲವರು ಚರ್ಮದ ಮದ್ದಳೆಗಳನ್ನು ಬಾರಿಸುತ್ತ ರುಂಬಾ ಹಾಡುತ್ತಿದ್ದರು. ದಾಸರ ಸಂತತಿಯು ಬಂದರಿನ ಕಟ್ಟೆಗಳಲ್ಲಿಯೂ ವಠಾರಗಳಲ್ಲಿಯೂ ಬೆಳೆಯಿಸಿದ ಈ ಕಲೆಯನ್ನು ೨೦೧೬ರಲ್ಲಿ ಅದೇ ಯುನೆಸ್ಕೊ ಸಂಸ್ಥೆಯು ಮನ್ನಿಸಿದೆ. ಆಪೊಂತೆಯ ಪುಸ್ತಕವು ಹೋದರೂ ಅವನ ಜನರ ನೆನಪು ಪೂರ್ತಿಯಾಗಿ ಹೋಗಲಿಲ್ಲವೆಂದು ಆಗ ನನಗೆ ತೋರಿತು. ಆದರೆ ಹಾಡು ಗ್ರಂಥಕ್ಕೆ ಸಮಾಧಾನವೇ ಹೊರತು ಪ್ರತಿನಿಧಿಯಲ್ಲ. ಒಂದು ಊರಿನ ಚರಿತ್ರೆಯನ್ನು ಬರೆಯುವವನು ಗುಡಿಯಲ್ಲಿ ಉಳಿದುದನ್ನು ಓದಿ ತೃಪ್ತನಾಗಬಾರದು; ನ್ಯಾಯಸ್ಥಾನದ ಧೂಳಿನ ಕಟ್ಟುಗಳನ್ನೂ ಬಿಚ್ಚಬೇಕು. ಪೂಜೆಗೊಂಡ ಮರಕ್ಕೆ ಮೂರು ಸುತ್ತು ಬರುವವರು ಬಹುಮಂದಿ. ಗಲ್ಲಿಗೆ ಹೋದವನ ಮಾತನ್ನು ಒಂದು ಸಲವಾದರೂ ನಿಂತು ಕೇಳುವುದು ಸಂಶೋಧಕನಿಗೆ ವಿಹಿತವಾದ ಪ್ರದಕ್ಷಿಣೆಯೆಂದು ವಿಜ್ಞಾಪಿಸಿ, ಈ ಲೇಖನವನ್ನು ಮುಗಿಸುತ್ತೇನೆ.